ಅಕ್ಕನ ಪಾಠ, ತಮ್ಮನ ಕಲಿಕೆ

ಬೆಂಗಳೂರು ನಗರದ ಉತ್ತರ ಭಾಗದಲ್ಲಿ, ಎಂದರೆ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್. ಟಿ. ನಗರ ಮೊದಲಾದ ಕಡೆಗಳಲ್ಲಿ, ಕೆಲವು ಮಂದಿ ಗೃಹಸ್ಥರು ತಮ್ಮ ಚಿಕ್ಕ ಮಕ್ಕಳನ್ನು ಯಾವ ಶಾಲೆಗೂ ಸೇರಿಸದೆ ಮನೆಯಲ್ಲಿಯೇ ಓದುಬರಹ ಕಲಿಸುವ ಪರಿಪಾಠವನ್ನು ಈಚಿನ ವರ್ಷಗಳಲ್ಲಿ ಹಿಡಿದಿರುತ್ತಾರೆ. ಅವರ ಸಂಖ್ಯೆ ದೊಡ್ಡದೇನೂ ಅಲ್ಲ. ಆದರೆ ಅವರ ವಿಷಯವಾಗಿ ನಡೆಯುವ ಮಾತು ದೊಡ್ಡದಾಗಿದೆ. ಇದು ಅನುಕೂಲವಂತರ ಹೊಸ ಗೀಳೆಂದು ಕೆಲವರು ಹಳಿಯುತ್ತಾರೆ. ಶಾಲೆಯೆಂಬ ಸೆರೆಯಿಂದ ಮಗುವಿಗೆ ದೊರೆತ ಬಿಡುಗಡೆಯೆಂದು ಕೆಲವರು ಕೊಂಡಾಡುತ್ತಾರೆ. ಉಭಯ ಪಕ್ಷದವರೂ ಅಂತಹ ಮನೆಯೊಳಕ್ಕೆ ಇಣಿಕಿ ನೋಡಿದಂತೆ ಕಾಣುವುದಿಲ್ಲ. ನೋಡಿದ್ದರೆ ಅನೇಕ ಮನೆಗಳಲ್ಲಿ ಅವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಪಾಠ ಹೇಳಿಸಿಕೊಳ್ಳುವ ಐದಾರು ವರ್ಷದ ಮಗುವಲ್ಲ. ಆ ಮಗುವಿನ ಪುಸ್ತಕದ ಮೇಲೆಯೇ ಕುಳಿತಿರುವ ಒಂದೂವರೆ ವರ್ಷದ ಕೂಸು.

ಮನೆಪಾಠದ ನಿಜವಾದ ಪ್ರಶ್ನೆಯಿರುವುದು ಈ ಕೂಸಿನಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ಒಂದೇ ಮಗುವಿಗೆ ಮನೆಯಲ್ಲಿ ಅಕ್ಷರ ಕಲಿಸುವುದು ಓದಿದ ತಾಯಿತಂದೆಗಳಿಗೆ ಅಸಾಧ್ಯವಾದ ಕೆಲಸವಲ್ಲ. ಎರಡನೆಯದೊಂದು ಅಂಬೆಗಾಲಿಕ್ಕುತ್ತ ಬಂದು ಸೀಸದ ಕಡ್ಡಿಯನ್ನು ಕಸಿದುಕೊಂಡು ಬಾಯಿಗೆ ಹಾಕಿಕೊಳ್ಳತೊಡಗಿದೊಡನೆ ಶಿಕ್ಷಣಶಾಸ್ತ್ರವೆಲ್ಲ ಮೂಲೆಗೆ ಸರಿಯುತ್ತದೆ. ಹೀಗೆ ಎರಡು ವಯಸ್ಸಿನ ಮಕ್ಕಳನ್ನು ಒಂದೇ ಚಾಪೆಯ ಮೇಲೆ ಕೂರಿಸಿಕೊಂಡು ಕಲಿಸುವುದು ಸಾಧ್ಯವೆ, ಯೋಗ್ಯವೆ, ಅದರಲ್ಲಿ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ಕುರಿತು ವಾಚಕರೊಡನೆ ಕೆಲವು ಮಾತುಗಳನ್ನಾಡಬೇಕೆಂದು ಬಯಸುತ್ತೇವೆ.

ಈ ಕ್ರಮವು ಹೊಸದೆಂದು ತಿಳಿಯುವುದು ತಪ್ಪು. ಒಂದನೆಯ ತರಗತಿ, ಎರಡನೆಯ ತರಗತಿ ಎಂದು ಮಕ್ಕಳನ್ನು ವಯಸ್ಸಿನ ಪ್ರಕಾರ ಕೋಣೆಕೋಣೆಗಳಲ್ಲಿ ಹಂಚಿ ಕೂರಿಸುವ ಪದ್ಧತಿಯೇ ನಮ್ಮ ನಾಡಿಗೆ ಈಚಿನದು. ನಮ್ಮ ಹಳ್ಳಿಗಳ ಕೂಲಿಮಠಗಳಲ್ಲಿ ಐಗಳ ಮುಂದೆ, ಒಂದೇ ಜಗಲಿಯ ಮೇಲೆ, ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುವವನೂ ಕುಳಿತಿರುತ್ತಿದ್ದನು, ಲೆಕ್ಕಪತ್ರ ಬರೆಯಲು ಕಲಿಯುವವನೂ ಕುಳಿತಿರುತ್ತಿದ್ದನು. ಚಿಕ್ಕವನಿಗೆ ದೊಡ್ಡವನು ಪಾಠ ಒಪ್ಪಿಸುವನು. ಐಗಳು ದೊಡ್ಡವನನ್ನು ವಿಚಾರಿಸುವರು. ಇಟಲಿ ದೇಶದ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಎಂಬಾತನು ೧೬೨೩ರಲ್ಲಿ ಪೋರ್ಚುಗೀಸರ ರಾಯಭಾರಿಯ ಸಂಗಡ ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೋಗುತ್ತಿದ್ದಾಗ ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರನ್ನು ಕಂಡನು. ಅವರು ಲೆಕ್ಕದ ಪಾಠವನ್ನು ರಾಗವಾಗಿ ಹೇಳಿಕೊಳ್ಳುತ್ತ, ನೆಲದ ಮೇಲೆ ಹರಡಿದ್ದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕಿಗಳನ್ನು ಬರೆಯುತ್ತಿದ್ದರು. ಮರಳು ತುಂಬಿದ ಮೇಲೆ ಅಳಿಸಿ ಮತ್ತೆ ಹರಡುತ್ತಿದ್ದರು. ಉಪಾಧ್ಯಾಯರೇ ಇಲ್ಲವಲ್ಲ, ತಪ್ಪಿದರೆ ತಿದ್ದುವವರು ಯಾರು ಎಂದು ಆತನು ಕೇಳಿದ್ದಕ್ಕೆ, ನಾಲ್ವರೂ ಒಂದೇ ಕಡೆಯಲ್ಲಿ ತಪ್ಪುವುದು ಆಗದ ಮಾತು, ಒಬ್ಬನು ತಪ್ಪಿದರೆ ಇನ್ನೊಬ್ಬನು ತಿದ್ದುತ್ತಾನೆ ಎಂದು ಆ ಹುಡುಗರು ಉತ್ತರ ಕೊಟ್ಟರಂತೆ. ನಾಲ್ಕು ನೂರು ವರ್ಷಗಳ ಹಿಂದಿನ ಮಲೆನಾಡಿನ ಮಕ್ಕಳ ಈ ಜಾಣತನವನ್ನು ಪರದೇಶದವನೊಬ್ಬನು ಬರೆದಿಡದಿದ್ದರೆ ನಮಗೆ ತಿಳಿಯುವ ಸಂಭವವೇ ಇರಲಿಲ್ಲ.

ಅದಾದ ನೂರೆಪ್ಪತ್ತು ವರ್ಷಗಳ ಬಳಿಕ ಮದರಾಸಿನ ಎಗ್ಮೋರಿನಲ್ಲಿ ಸಿಪಾಯಿಗಳ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ಇಂತಹುದೇ ಒಂದು ಮರಳ ಪಾಠವನ್ನು ನೋಡಿದನು. ತನ್ನ ಕೈಕೆಳಗಿನ ಉಪಾಧ್ಯಾಯರು ಈ ಹೊಸ ಕ್ರಮಕ್ಕೆ ಒಪ್ಪದಿರಲು, ಶಾಲೆಯ ಒಬ್ಬ ಚಿಕ್ಕ ಹುಡುಗನನ್ನೇ ಇನ್ನೂ ಚಿಕ್ಕವರಿಗೆ ಅಕ್ಷರ ಕಲಿಸಲು ನೇಮಿಸಿದನು. ಪ್ರಯೋಗವು ಫಲಿಸಿತು. ಅದರ ವೃತ್ತಾಂತವನ್ನು ಆತನು ೧೭೯೭ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದ ಮೇಲೆ 'ಮದರಾಸ್ ಪದ್ಧತಿ' ಎಂಬ ಹೆಸರಿನಿಂದ ಇಂಗ್ಲೆಂಡಿನ ಸಾವಿರಾರು ಶಾಲೆಗಳಲ್ಲಿ ಅದು ಬಳಕೆಗೆ ಬಂದಿತು. ನಮ್ಮ ಜಗಲಿಯ ಪದ್ಧತಿಯು ಹಡಗು ಹತ್ತಿ ಹೋಯಿತು; ಮುಂದೆ ತರಗತಿಯ ಪದ್ಧತಿಯು ಹಡಗು ಹತ್ತಿ ನಮ್ಮಲ್ಲಿಗೆ ಬಂದಿತು! ಆದರೆ ಬೆಲ್ ಮಹಾಶಯನ ಕ್ರಮಕ್ಕೆ ಅಲ್ಲಿ ಅಷ್ಟೊಂದು ಮನ್ನಣೆ ದೊರೆಯಲು ಕಾರಣವು ಅದರ ಗುಣಕ್ಕಿಂತ ಹೆಚ್ಚಾಗಿ ಅದರ ಅಗ್ಗವೆಂಬುದನ್ನು ಮರೆಯಬಾರದು. ಒಬ್ಬ ಉಪಾಧ್ಯಾಯನ ಸಂಬಳದಲ್ಲಿ ನೂರಾರು ಮಕ್ಕಳನ್ನು ನಡೆಸಬಹುದಾಗಿತ್ತು. ದೊಡ್ಡ ಹುಡುಗನು ಸಂಬಳವಿಲ್ಲದ ಉಪಾಧ್ಯಾಯನಾದನು. ಈ ಮಾತಿಗೆ ಮುಂದೆ ಬರುತ್ತೇವೆ.

ಮಾರಿಯಾ ಮಾಂಟೆಸ್ಸೊರಿ ದೇವಿಯವರು ೧೯೦೭ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ತೆರೆದ ಶಿಶುಗೃಹದಲ್ಲಿಯೂ ಮೂರರಿಂದ ಆರು ವರ್ಷದ ವರೆಗಿನ ಮಕ್ಕಳು ಒಟ್ಟಿಗೆ ಇರುತ್ತಿದ್ದರು. ಆಕೆ ೧೯೩೯ರಲ್ಲಿ ಮದರಾಸಿನ ಅಡಯಾರಿಗೆ ಬಂದು, ಯುದ್ಧದ ಕಾರಣದಿಂದ ವರ್ಷಗಟ್ಟಲೆ ಈ ದೇಶದಲ್ಲಿಯೇ ನಿಲ್ಲಬೇಕಾಗಿ ಬಂದುದರಿಂದ ನಮ್ಮಲ್ಲಿ ಅನೇಕರು ಆಕೆಯ ಶಿಷ್ಯರಾದರು. ದೊಡ್ಡ ಮಗುವು ಮಾಡುವುದನ್ನು ಚಿಕ್ಕದು ನೋಡುತ್ತ ಕಲಿಯುತ್ತದೆ. ಚಿಕ್ಕದಕ್ಕೆ ತೋರಿಸಿಕೊಡುವಾಗ ದೊಡ್ಡದರ ತಿಳಿವಳಿಕೆ ಗಟ್ಟಿಯಾಗುತ್ತದೆ ಎಂಬುದು ಆಕೆಯ ಬೋಧನೆ. ಬೆಂಗಳೂರಿನ ಬೀದಿಬೀದಿಗಳಲ್ಲಿ ಈಗ ಮಾಂಟೆಸ್ಸೊರಿಯೆಂಬ ಫಲಕಗಳಿಗೆ ಕೊರತೆಯಿಲ್ಲ. ಆದರೆ ಫಲಕದ ಹಿಂದೆ ವಯಸ್ಸಿಗೊಂದು ಕೋಣೆಯಿದ್ದರೆ ಆ ಹೆಸರು ಅಲಂಕಾರವಷ್ಟೆ.

ದೂರದ ರೋಮಿಗೆ ಹೋಗಬೇಕಾದುದೇ ಇಲ್ಲ. ನಮ್ಮ ಸರಕಾರಿ ಶಾಲೆಗಳ 'ನಲಿ-ಕಲಿ' ಪದ್ಧತಿಯನ್ನು ನಗರದ ವಿದ್ಯಾವಂತರು ಹೋಗಿ ನೋಡಬೇಕು. ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳಿಂದ ಪ್ರೇರಣೆ ಪಡೆದು, ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಆರಂಭಿಸಿದ ಈ ಕ್ರಮವು ೨೦೦೯–೧೦ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು. ಒಂದು, ಎರಡು, ಮೂರನೆಯ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ, 'ತಟ್ಟೆ' ಎಂದು ಕರೆಯುವ ಐದು ಗುಂಪುಗಳಲ್ಲಿ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಒಂದು ತಟ್ಟೆಯವರಿಗೆ ಉಪಾಧ್ಯಾಯರ ಪೂರ್ಣ ಸಹಾಯ, ಒಂದಕ್ಕೆ ಅರ್ಧ ಸಹಾಯ, ಒಂದೆರಡಕ್ಕೆ ಜೊತೆಯ ಮಕ್ಕಳ ಸಹಾಯ, ಕಡೆಯದಕ್ಕೆ ಯಾರ ಸಹಾಯವೂ ಇಲ್ಲದ ಸ್ವಂತ ಕಲಿಕೆ. ಪ್ರತಿ ಮಗುವೂ ಕಾರ್ಡುಗಳನ್ನು ತೆಗೆದುಕೊಂಡು ತನ್ನ ಏಣಿಯನ್ನು ತನ್ನ ವೇಗದಲ್ಲಿ ಹತ್ತಬೇಕು. ಇದಕ್ಕೂ ಲೋಪಗಳುಂಟು, ಕಾರ್ಡು ಹರಿದರೆ ಹೊಸದು ಬರಲು ತಡವಾಗುತ್ತದೆ, ಮಕ್ಕಳು ಹೆಚ್ಚಾದರೆ ಒಬ್ಬ ಉಪಾಧ್ಯಾಯರು ಬಸವಳಿಯುತ್ತಾರೆ. ಆದರೂ ಎರಡು ವಯಸ್ಸಿನ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡ ತಾಯಿಯು ವಿದೇಶದ ದುಬಾರಿ ಪಾಠಕ್ರಮವನ್ನು ತರಿಸಿಕೊಳ್ಳುವುದಕ್ಕೆ ಮುಂಚೆ ಬಳಿಯ ಸರಕಾರಿ ಶಾಲೆಯಲ್ಲಿ ಒಂದು ಗಂಟೆ ಕುಳಿತು ಬಂದರೆ ಹೆಚ್ಚು ಕಲಿತಾಳು.

ಇನ್ನು, ಈ ಗೃಹಸ್ಥರು ಶಾಲೆಯನ್ನು ಬಿಟ್ಟುದೇಕೆ? ಕಾರಣಗಳು ಹಲವು. ಹೆಬ್ಬಾಳದ ಮೇಲುಸೇತುವೆಯ ಬಳಿ ಬೆಳಗಿನ ಹೊತ್ತು ಸಾಲುಗಟ್ಟಿ ನಿಂತ ಶಾಲೆಯ ವ್ಯಾನುಗಳಲ್ಲಿ ತೂಕಡಿಸುವ ಮಕ್ಕಳನ್ನು ಕಂಡವರಿಗೆ ಒಂದು ಕಾರಣವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮೂರು ವರ್ಷ ತುಂಬದ ಶಿಶುವಿನ ಪ್ರವೇಶಕ್ಕೆ ಕೇಳುವ ಹಣ ಇನ್ನೊಂದು ಕಾರಣ. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ಶಾಲೆಗಳು ಮುಚ್ಚಿ, ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದುದು ೨೦೨೧ರ ಅಕ್ಟೋಬರ್ ೨೫ರಂದು. ಹತ್ತೊಂಬತ್ತು ತಿಂಗಳ ಆ ಅವಧಿಯಲ್ಲಿ ಮನೆಗಳೆಲ್ಲ ಬಲವಂತದ ಪಾಠಶಾಲೆಗಳಾಗಿದ್ದವು. ಬಹುಪಾಲು ತಾಯಿತಂದೆಗಳು ಶಾಲೆಯ ಬಾಗಿಲು ತೆರೆದ ದಿನ ನಿಟ್ಟುಸಿರು ಬಿಟ್ಟರು. ಕೆಲವರಿಗೆ ಮಾತ್ರ ಮನೆಯ ಪಾಠವೇ ರುಚಿಸಿತು.

ಇವರು ಕಾನೂನಿಗೆ ವಿರೋಧವಾಗಿ ನಡೆಯುತ್ತಿರುವರೆ ಎಂಬ ಪ್ರಶ್ನೆಯನ್ನು ನಮ್ಮ ವಾಚಕರಲ್ಲಿ ಅಧಿಕಾರಿಗಳಾದವರು ಕೇಳುವುದು ಸಹಜವಾಗಿದೆ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯು ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಅದು ಆರರಿಂದ ಹದಿನಾಲ್ಕು ವರ್ಷದ ವರೆಗಿನ ಮಕ್ಕಳಿಗೆ ಅನ್ವಯಿಸತಕ್ಕುದು. ಆರು ತುಂಬುವ ವರೆಗೆ ಮಗುವನ್ನು ಎಲ್ಲಿಗೂ ಕಳುಹಿಸದಿರಲು ತಾಯಿತಂದೆಗಳು ಪೂರ್ಣ ಸ್ವತಂತ್ರರು. ಮೂರನೆಯ ವರ್ಷದಲ್ಲಿಯೇ ಮಗು ಹಿಂದೆ ಬಿದ್ದಿತೆಂದು ನೆರೆಯವರು ಹೆದರಿಸುವುದಕ್ಕೆ ಶಾಸನದ ಆಧಾರ ಯಾವುದೂ ಇಲ್ಲ. ಒಂದನೆಯ ತರಗತಿಗೆ ಜೂನ್ ೧ಕ್ಕೆ ಆರು ವರ್ಷ ತುಂಬಿರಬೇಕೆಂದು ನಮ್ಮ ಸರಕಾರವು ೨೦೨೨ರಲ್ಲಿ ಆಜ್ಞೆ ಮಾಡಿ, ತಾಯಿತಂದೆಗಳ ಕೂಗಿಗೆ ಮಣಿದು ೨೦೨೫–೨೬ರ ಒಂದು ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳೆಂದು ಸಡಿಲಿಸಿತು. ಮಗುವು ಆರು ತಿಂಗಳು ಹೆಚ್ಚಾಗಿ ಮನೆಯಲ್ಲಿ ಉಳಿಯುವುದನ್ನು ದೊಡ್ಡ ನಷ್ಟವೆಂದು ಭಾವಿಸುವ ಊರಿನಲ್ಲಿಯೇ ಕೆಲವರು ಆರು ವರ್ಷ ಮನೆಯಲ್ಲಿಟ್ಟುಕೊಳ್ಳುವುದನ್ನು ಲಾಭವೆಂದು ಎಣಿಸುತ್ತಿರುವುದು ವಿಚಿತ್ರವಾಗಿದೆ.

ಆರು ತುಂಬಿದ ಮೇಲೆ ವಿಷಯವು ಬೇರೆಯಾಗುತ್ತದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಾಯಿತಂದೆಗಳ ಕರ್ತವ್ಯವೆಂದು ಆ ಕಾಯಿದೆಯ ಹತ್ತನೆಯ ಪ್ರಕರಣವು ಹೇಳುತ್ತದೆ. ಸೇರಿಸದವರಿಗೆ ದಂಡವನ್ನೇನೂ ವಿಧಿಸುವುದಿಲ್ಲ. ೨೦೧೨ರಲ್ಲಿ ದೆಹಲಿಯ ಹೈಕೋರ್ಟಿನ ಮುಂದೆ ಕೇಂದ್ರ ಸರಕಾರವು, ಸ್ವಇಚ್ಛೆಯಿಂದ ಮನೆಯಲ್ಲಿ ಕಲಿಸುವವರಿಗೆ ಕಾಯಿದೆಯು ಅಡ್ಡಬಾರದೆಂದು ಹೇಳಿಕೆ ಕೊಟ್ಟಿತ್ತು. ಶಾಸನದ ಮಾತೊಂದು, ಸರಕಾರದ ಹೇಳಿಕೆ ಇನ್ನೊಂದು ಆದುದರಿಂದ ಈ ಕುಟುಂಬಗಳು ಹೊಸ್ತಿಲ ಮೇಲೆ ನಿಂತಂತಿವೆ. ಇಂಗ್ಲೆಂಡಿನ ೧೯೪೪ರ ಶಿಕ್ಷಣದ ಕಾಯಿದೆಯು ಶಾಲೆಯಲ್ಲಿ ಅಥವಾ ಅನ್ಯ ರೀತಿಯಲ್ಲಿ ಕಲಿಸಬಹುದೆಂದು ಸ್ಪಷ್ಟವಾಗಿ ಹೇಳಿತು. ಜರ್ಮನಿಯಲ್ಲಿ ಶಾಲೆಗೆ ಹೋಗಲೇಬೇಕೆಂಬ ಕಟ್ಟಳೆ. ಇವೆರಡರಲ್ಲಿ ಯಾವುದು ಮೇಲೆಂಬ ಚರ್ಚೆ ಹಾಗಿರಲಿ. ಸ್ಪಷ್ಟವಾಗಿರುವುದು ಎರಡಕ್ಕೂ ಸಾಮಾನ್ಯವಾದ ಗುಣ. ನಮ್ಮಲ್ಲಿ ಬೇಕಾಗಿರುವುದು ಅದೇ. ಮನೆಯಲ್ಲಿ ಕಲಿಸುವವರು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ವರ್ಷಕ್ಕೊಮ್ಮೆ ಒಂದು ಹಾಳೆಯ ತಿಳಿವಳಿಕೆ ಕೊಡಲಿ. ಇಲಾಖೆಯವರು ವರ್ಷಕ್ಕೊಮ್ಮೆ ಬಂದು ಮಗುವಿನೊಡನೆ ಮಾತನಾಡಿ ಹೋಗಲಿ. ಇಷ್ಟಕ್ಕೆ ದೊಡ್ಡ ಆಡಳಿತಯಂತ್ರವೇನೂ ಬೇಕಾಗಿಲ್ಲ.

ತಾಯಿತಂದೆಗಳಿಗೆ ಧೈರ್ಯ ಕೊಡುವ ಅಂಶವೂ ಅದೇ ಕಾಯಿದೆಯಲ್ಲಿದೆ. ಶಾಲೆಗೆ ಸೇರದೆ ಉಳಿದ ಮಗುವನ್ನು ಯಾವಾಗ ಕರೆತಂದರೂ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಕೊರತೆಯಿದ್ದರೆ ವಿಶೇಷವಾಗಿ ಕಲಿಸತಕ್ಕುದೆಂದು ನಾಲ್ಕನೆಯ ಪ್ರಕರಣವು ವಿಧಿಸುತ್ತದೆ. ಹಿಂದಿನ ಶಾಲೆಯ ಸರ್ಟಿಫಿಕೇಟು ಎಲ್ಲಿ ಎಂದು ಕೇಳಿ ಮಗುವನ್ನು ಬಾಗಿಲಿನಿಂದ ಹಿಂದಿರುಗಿಸುವ ಮುಖ್ಯೋಪಾಧ್ಯಾಯರು ಆ ಪ್ರಕರಣವನ್ನು ಇನ್ನೊಮ್ಮೆ ಓದುವುದು ಒಳ್ಳೆಯದು. ಮೇಲಿನ ಪರೀಕ್ಷೆಗಳಿಗೆ, ೧೯೮೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ವಿದ್ಯಾಲಯವಿದೆ. ಹದಿನಾಲ್ಕು ತುಂಬಿದವರು ಅದರ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳಬಹುದು.

ಈಗ ಚಾಪೆಯ ಬಳಿಗೆ ಬರೋಣ. ಯಲಹಂಕ ಉಪನಗರದ ಒಂದು ಸಾಧಾರಣ ಮನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಅಕ್ಕನಿಗೆ ಐದೂವರೆ, ತಮ್ಮನಿಗೆ ಒಂದೂ ಮುಕ್ಕಾಲು. ಅಕ್ಕನಿಗೆ ಕಾಗುಣಿತ ಹೇಳಿಕೊಡಬೇಕೆಂದು ತಾಯಿಯು ಬೆಳಗ್ಗೆ ಹತ್ತು ಗಂಟೆಗೆ ಕುಳಿತುಕೊಳ್ಳುತ್ತಾಳೆ. ಐದು ನಿಮಿಷದಲ್ಲಿ ತಮ್ಮನು ಸ್ಲೇಟನ್ನು ತುಳಿಯುತ್ತಾನೆ, ಅಕ್ಕನು ಕೂಗುತ್ತಾಳೆ ಎಂಬುದು ಬೇಡ, ಅಕ್ಕನ ಕೂಗು ಕೇಳಿ ತಾಯಿಯೂ ಕೂಗುತ್ತಾಳೆ, ಪಾಠವು ಮುಗಿಯುತ್ತದೆ. ಹೀಗಾಗುವುದು ಶಾಲೆಯ ಕ್ರಮವನ್ನು ಹಾಗೆಯೇ ಮನೆಗೆ ತಂದುದರಿಂದ. ಗಂಟೆ, ತರಗತಿ, ಮೌನ ಇವು ನಲವತ್ತು ಮಕ್ಕಳಿರುವಲ್ಲಿ ಬೇಕಾದ ಉಪಾಯಗಳು. ಇಬ್ಬರಿರುವಲ್ಲಿ ಅವು ಬೇಡ. ಐದಾರು ವರ್ಷದ ಮಗುವು ಮನಸ್ಸಿಟ್ಟು ಅಕ್ಷರ ಕಲಿಯುವುದಕ್ಕೆ ಒಮ್ಮೆಗೆ ಇಪ್ಪತ್ತು ನಿಮಿಷ ಧಾರಾಳವಾಗಿ ಸಾಕು. ಕೂಸು ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಅದು ಸುಲಭವಾಗಿ ದೊರೆಯುತ್ತದೆ. ಮಿಕ್ಕ ಹೊತ್ತಿನ ಕಲಿಕೆಯೆಲ್ಲ ಇಬ್ಬರೂ ಸೇರಿ ಮಾಡತಕ್ಕುದಾಗಿರಬೇಕು.

ಅಡಿಗೆಯ ಮನೆಯೇ ಅದಕ್ಕೆ ತಕ್ಕ ಸ್ಥಳ. ಅಕ್ಕನು ಪಾವಿನಿಂದ ಅಕ್ಕಿಯನ್ನಳೆದು ಎಷ್ಟು ಪಾವು ಸೇರಿದರೆ ಒಂದು ಸೇರು ಎಂದು ಲೆಕ್ಕ ಹಾಕಲಿ. ತಮ್ಮನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಸುರಿದು, ನೆಲಕ್ಕೆ ಚೆಲ್ಲಿ, ಮತ್ತೆ ತುಂಬಲಿ. ಒಂದೇ ಅಕ್ಕಿ, ಒಬ್ಬಳಿಗೆ ಗಣಿತ, ಇನ್ನೊಬ್ಬನಿಗೆ ಕೈಯ ಹಿಡಿತ. ಒಗೆದ ಬಟ್ಟೆಗಳನ್ನು ಮಡಿಸುವಾಗ ಅಪ್ಪನದು, ಅಮ್ಮನದು, ಅಜ್ಜಿಯದು ಎಂದು ಬೇರ್ಪಡಿಸುವುದು ಕೂಸಿಗೆ ಆಟ. ಅವುಗಳ ಹೆಸರನ್ನು ಚೀಟಿಯಲ್ಲಿ ಬರೆದಿಡುವುದು ಅಕ್ಕನಿಗೆ ಬರವಣಿಗೆ. ಕಥೆಯನ್ನು ಇಬ್ಬರಿಗೂ ಒಟ್ಟಿಗೆ ಹೇಳಬಹುದು: ದೊಡ್ಡವಳು ಕಥೆಯನ್ನು ಕೇಳುತ್ತಾಳೆ, ಚಿಕ್ಕವನು ದನಿಯನ್ನು ಕೇಳುತ್ತಾನೆ. ಪಂಜೆ ಮಂಗೇಶರಾಯರೂ ಜಿ. ಪಿ. ರಾಜರತ್ನಂ ಅವರೂ ಮಕ್ಕಳಿಗಾಗಿ ಬರೆದ ಪದ್ಯಗಳು ಈ ಎರಡು ಕೆಲಸಗಳನ್ನೂ ಏಕಕಾಲದಲ್ಲಿ ಮಾಡಬಲ್ಲವು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದುದಲ್ಲದೆ, ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನೂ ಕೊಟ್ಟರು. ನಮ್ಮ ಭಾಷೆಯಲ್ಲಿ ಮಕ್ಕಳಿಗೇನಿದೆ ಎಂದು ಮೂಗು ಮುರಿಯುವವರು ಇವನ್ನೊಮ್ಮೆ ತೆರೆದು ನೋಡಬಾರದೆ?

ಒಂದು ಎಚ್ಚರಿಕೆಯನ್ನು ಹೇಳದೆ ವಿಧಿಯಿಲ್ಲ. ಎಣಿಕೆ ಕಲಿಸಲು ಹುಣಿಸೆಯ ಬೀಜ, ಕವಡೆ, ಮಣಿ ಇವುಗಳನ್ನು ಬಳಸುವುದು ನಮ್ಮ ಹಳೆಯ ವಾಡಿಕೆ. ಅಕ್ಕನಿಗೆ ಅದು ಸರಿಯೆ. ಮೂರು ವರ್ಷದೊಳಗಿನ ಕೂಸಿನ ಗಂಟಲಿಗೆ ಅವು ಅಪಾಯಕರವಾದವು. ಕೂಸು ಎಚ್ಚರವಾಗಿರುವಾಗ ತೆಂಗಿನ ಚಿಪ್ಪು, ಚಮಚ, ಲೋಟಗಳಿಂದ ಎಣಿಕೆ ನಡೆಯಲಿ. ಇನ್ನೊಂದು ಅಪಾಯವು ಕೈಯಲ್ಲಿ ಹಿಡಿಯುವ ಫೋನಿನದು. ದೊಡ್ಡದರ ಪಾಠಕ್ಕೆ ಅಡ್ಡಿಯಾಗದಿರಲೆಂದು ಚಿಕ್ಕದರ ಮುಂದೆ ಅದನ್ನಿಟ್ಟು ಕೂರಿಸುವುದು ಎಷ್ಟೋ ಮನೆಗಳ ಸುಲಭೋಪಾಯವಾಗಿದೆ. ಎರಡು ವರ್ಷದೊಳಗೆ ಅದು ಸರ್ವಥಾ ಬೇಡವೆಂದು ಭಾರತೀಯ ಮಕ್ಕಳ ವೈದ್ಯರ ಸಂಘವು ೨೦೨೧ರಲ್ಲಿ ಹೇಳಿದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಸೂಚಿಸಿದೆ. ಮಗುವನ್ನು ಶಾಲೆಯಿಂದ ಬಿಡಿಸಿ ಫೋನಿಗೆ ಸೇರಿಸಿದ ಮೇಲೆ ಅದನ್ನು ಮನೆಯ ಶಿಕ್ಷಣವೆಂದು ಕರೆಯುವುದೆಂತು?

ಕೂಸಿನ ಕಲಿಕೆಯ ವಿಷಯದಲ್ಲಿ ನಮ್ಮವರಿಗೆ ಒಂದು ಭ್ರಮೆಯುಂಟು. ಅಕ್ಕನು ಮಗ್ಗಿ ಹೇಳುವುದನ್ನು ಕೇಳಿ ಕೇಳಿ ತಮ್ಮನೂ ಎರಡು ಹತ್ತಲ ಇಪ್ಪತ್ತು ಎಂದು ತೊದಲುತ್ತಾನೆ. ಬಂದ ನೆಂಟರ ಮುಂದೆಲ್ಲ ಅವನನ್ನು ನಿಲ್ಲಿಸಿ ಒಪ್ಪಿಸಿಸುವುದು ಆರಂಭವಾಗುತ್ತದೆ. ಅಭಿಮನ್ಯುವು ತಾಯಿಯ ಗರ್ಭದಲ್ಲಿಯೇ ಚಕ್ರವ್ಯೂಹವನ್ನು ಭೇದಿಸುವುದನ್ನು ಕೇಳಿ ಕಲಿತನೆಂಬ ಕಥೆಯನ್ನು ಹೆಮ್ಮೆಯಿಂದ ಹೇಳುವ ನಾವು, ಹೊರಬರುವುದನ್ನು ಅವನು ಕೇಳಿರಲಿಲ್ಲವೆಂಬ ಉತ್ತರಾರ್ಧವನ್ನು ಮರೆಯುತ್ತೇವೆ. ಮಗ್ಗಿಯನ್ನು ಹೇಳುವ ಕೂಸಿಗೆ ಎರಡೆಂದರೆ ಏನೆಂದು ತಿಳಿದಿರಬೇಕಾಗಿಲ್ಲ. ಅದು ಕಲಿಯುತ್ತಿರುವುದು ಬೇರೆಯೇ: ಸರದಿಗಾಗಿ ಕಾಯುವುದು, ಪುಸ್ತಕವನ್ನು ತಲೆಕೆಳಗಾಗದಂತೆ ಹಿಡಿಯುವುದು, ಅಕ್ಕನು ತಪ್ಪು ಮಾಡಿ ಅಳಿಸಿ ಮತ್ತೆ ಬರೆಯುವುದನ್ನು ನೋಡುವುದು. ಅಕ್ಕನ ಚಾಳಿ ಮನೆಮಂದಿಗೆಲ್ಲ ಎಂಬ ಗಾದೆಯನ್ನು ನಿಂದೆಯಾಗಿ ಬಳಸುತ್ತೇವೆ. ಇಲ್ಲಿ ಅದು ಶುಭವಾರ್ತೆ.

ಹೊರಗಿನ ಪಾಠಗಳಿಗೆ ಉತ್ತರ ಬೆಂಗಳೂರಿನಲ್ಲಿ ಈಗಲೂ ಸ್ಥಳವಿದೆ ಎಂಬುದು ಭಾಗ್ಯವೇ ಸರಿ. ೨೦೧೫ರಲ್ಲಿ ಪಕ್ಷಿಗಳ ಸಂರಕ್ಷಿತ ತಾಣವಾದ ಯಲಹಂಕದ ಪುಟ್ಟೇನಹಳ್ಳಿ ಕೆರೆಯಲ್ಲಿ ಬಣ್ಣದ ಕೊಕ್ಕರೆಗಳನ್ನೂ ಹೆಜ್ಜಾರ್ಲೆಗಳನ್ನೂ ಕಾಣಬಹುದು. ಜಕ್ಕೂರಿನ ಕೆರೆಗೆ ಕೊಳೆನೀರು ಶುದ್ಧವಾಗಿ, ಜೊಂಡಿನ ನಡುವೆ ಹಾಯ್ದು ಬರುವ ಬಗೆಯನ್ನು ಆರು ವರ್ಷದ ಮಗುವಿಗೆ ತೋರಿಸಿ ವಿವರಿಸಬಹ
ುದು, ಎರಡು ವರ್ಷದ್ದಕ್ಕೆ ನಾಮದ ಕೋಳಿ ಮುಳುಗಿ ಏಳುವುದೇ ಸಾಕು. ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ನಡೆಯುವ ಕೃಷಿಮೇಳಕ್ಕೆ ಕರೆದೊಯ್ದರೆ ರಾಗಿಯು ಪೊಟ್ಟಣದಲ್ಲಿ ಹುಟ್ಟುವುದಿಲ್ಲವೆಂದಾದರೂ ತಿಳಿದೀತು.

ಭಾಷೆಯ ವಿಷಯವು ಇದಕ್ಕಿಂತ ಗುರುತರವಾದುದು. ಮಗುವಿನ ಶಿಕ್ಷಣಮಾಧ್ಯಮವನ್ನು ಆರಿಸುವ ಸ್ವಾತಂತ್ರ್ಯವು ತಾಯಿತಂದೆಗಳದು, ಸರಕಾರವು ಮಾತೃಭಾಷೆಯನ್ನು ಬಲವಂತವಾಗಿ ಹೇರಲಾಗದು ಎಂದು ಸುಪ್ರೀಂ ಕೋರ್ಟು ೨೦೧೪ರ ಮೇ ೬ರಂದು ಕರ್ನಾಟಕದ ಮೊಕದ್ದಮೆಯಲ್ಲಿಯೇ ತೀರ್ಪು ಕೊಟ್ಟಿತು. ಆಯ್ಕೆಯು ಅವರದೆಂದಾದ ಮೇಲೆ ಹೊಣೆಯೂ ಅವರದೇ. ಶಾಲೆಯಲ್ಲಿ ಇಂಗ್ಲಿಷ್ ಅನಿವಾರ್ಯ, ಏನು ಮಾಡೋಣ ಎಂದು ಕೈಚೆಲ್ಲುತ್ತಿದ್ದ ಗೃಹಸ್ಥನಿಗೆ ಮನೆಯನ್ನೇ ಶಾಲೆ ಮಾಡಿದ ಮೇಲೆ ಆ ನೆಪವು ಉಳಿಯಲಿಲ್ಲ. ಹೀಗಿದ್ದೂ ಪರದೇಶದ ಪುಸ್ತಕಗಳಿಂದ ಇಂಗ್ಲಿಷಿನಲ್ಲಿಯೇ ಪಾಠ ಹೇಳಿ, ಅಜ್ಜಿಯೊಡನೆ ಮಾತನಾಡುವುದಕ್ಕೆ ಮಾತ್ರ ಕನ್ನಡವನ್ನು ಉಳಿಸಿದರೆ ಏನಾಗುತ್ತದೆ? ಹಿರಿಯ ಮಗುವಾದರೋ ಮೊದಲ ನಾಲ್ಕು ವರ್ಷ ಕನ್ನಡವನ್ನು ಕೇಳಿ ಬೆಳೆದಿರುತ್ತದೆ. ಕಿರಿಯದು ಹುಟ್ಟಿದಂದಿನಿಂದ ಕೇಳುವುದು ಅಕ್ಕನ ಇಂಗ್ಲಿಷ್ ಪಾಠವನ್ನು. ಒಂದೇ ಮನೆಯಲ್ಲಿ ಅಕ್ಕನು ಕನ್ನಡತಿಯಾಗಿಯೂ ತಮ್ಮನು ಕನ್ನಡ ಬಲ್ಲ ಪರಕೀಯನಾಗಿಯೂ ಬೆಳೆಯುವುದು ಹೀಗೆಯೇ. ಆರ್. ಟಿ. ನಗರ, ಯಶವಂತಪುರಗಳಲ್ಲಿ ಉರ್ದು, ತಮಿಳು, ತೆಲುಗು, ಹಿಂದಿ ಮನೆಮಾತಿನವರು ಬಹುಮಂದಿ ಇದ್ದಾರೆ. ಶಾಲೆಗಳು ಕನ್ನಡವನ್ನು ಕಲಿಸಲೇಬೇಕೆಂದು ೨೦೧೫ರ ಕಾಯಿದೆಯಿರುವುದರಿಂದ ಶಾಲೆಗೆ ಹೋದ ಅವರ ಮಕ್ಕಳಿಗೆ ನಾಡಿನ ಭಾಷೆಯು ಸ್ವಲ್ಪವಾದರೂ ದೊರೆಯುತ್ತದೆ. ಮನೆಯಲ್ಲಿ ಕಲಿಯುವ ಮಗುವಿಗೆ ಅದನ್ನು ಬೀದಿಯಲ್ಲಿ ಆಡುವ ಗೆಳೆಯರೇ ಕೊಡಬೇಕು. ಆದಕಾರಣ ಗೆಳೆಯರಿರುವ ಬೀದಿಗೆ ಅದನ್ನು ಸಂಜೆ ಕಳುಹಿಸುವುದು ವಿನೋದಕ್ಕಲ್ಲ, ಅದೂ ಪಾಠವೇ.

ಈ ಎಲ್ಲ ಭಾರವನ್ನು ಹೊರುವವರು ಯಾರು? ನಾವು 'ತಾಯಿತಂದೆಗಳು' ಎಂದು ಬರೆಯುತ್ತ ಬಂದೆವು. ವ್ಯವಹಾರದಲ್ಲಿ ಅದು ತಾಯಿಯೇ. ಯಜಮಾನರು ಕಛೇರಿಗೆ ಹೋಗಿಬಿಡುತ್ತಾರೆ. ಸಂಜೆ ಬಂದು, ಇವತ್ತು ಏನು ಕಲಿಸಿದೆ ಎಂದು ಇನ್‌ಸ್ಪೆಕ್ಟರರಂತೆ ವಿಚಾರಿಸುತ್ತಾರೆ. ನೌಕರಿಯನ್ನು ಬಿಟ್ಟು ಇಬ್ಬರು ಮಕ್ಕಳ ನಡುವೆ ದಿನವಿಡೀ ಕಳೆಯುವ ಹೆಂಗಸಿಗೆ ಈ ಪ್ರಶ್ನೆಯು ಎಷ್ಟು ಹಿತವಾಗಿರುವುದೋ ಅವರೇ ಊಹಿಸಲಿ. ಬೆಳಗಿನ ಒಂದು ಗಂಟೆ ಕೂಸನ್ನು ಎತ್ತಿಕೊಂಡು ಹೊರಗೆ ತಿರುಗಾಡಿಸಿ ಬರಲಾರದ ತಂದೆಯು ಮನೆಶಿಕ್ಷಣದ ಮೇಲ್ಮೆಯನ್ನು ಕುರಿತು ಮಿತ್ರರಲ್ಲಿ ಉಪನ್ಯಾಸ ಮಾಡುವುದನ್ನು ನಿಲ್ಲಿಸಬೇಕೆಂದು ವಿನಂತಿ.

ಆರ್. ಟಿ. ನಗರದ ನಿವಾಸಿಗಳಲ್ಲಿ ಎಷ್ಟು ಮಂದಿಗೆ ತಮ್ಮ ಬಡಾವಣೆಯು ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತಿದೆಯೆಂಬ ನೆನಪಿರುವುದೋ ಕಾಣೆವು. ಶಾಲೆಯನ್ನು ಬಾಲ್ಯದಲ್ಲಿ ಸಹಿಸದೆ ಮನೆಯಲ್ಲಿಯೇ ಕಲಿತವರು ಅವರು. ತಮ್ಮ ಮಕ್ಕಳಿಗೂ ಶಿಲೈದಹದ ಮನೆಯಲ್ಲಿ ಪಾಠದ ಏರ್ಪಾಡು ಮಾಡಿದ್ದರು. ಆದರೆ ಅವರು ಅಷ್ಟಕ್ಕೆ ನಿಲ್ಲಲಿಲ್ಲ. ೧೯೦೧ರಲ್ಲಿ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳೊಡನೆ ಶಾಲೆಯನ್ನು ತೆರೆದರು, ಸ್ವಂತ ಮಗನನ್ನು ಅವರಲ್ಲೊಬ್ಬನಾಗಿ ಕೂರಿಸಿದರು. ನಮ್ಮ ಉತ್ತರ ಬೆಂಗಳೂರಿನ ಅಂಚಿನ ಸಿಲ್ವೆಪುರದಲ್ಲಿಯೂ ಜೇನ್ ಸಾಹಿ ಅವರು ೧೯೭೫ರಲ್ಲಿ ಹಳ್ಳಿಯ ಮಕ್ಕಳಿಗಾಗಿ ಸೀತಾ ಶಾಲೆಯನ್ನು ಆರಂಭಿಸಿ, ಗಾಂಧೀಜಿಯವರ ವಿಚಾರಗಳನ್ನು ನೆನೆಯುತ್ತ, ಮಕ್ಕಳ ಮನೆಮಾತಿಗೂ ಕೈಕೆಲಸಕ್ಕೂ ಸ್ಥಾನ ಕೊಟ್ಟು ನಡೆಸಿದರು. ತಮ್ಮ ಮಗುವಿಗೆ ಒಳ್ಳೆಯದೆಂದು ಕಂಡುದನ್ನು ಪಕ್ಕದ ಮನೆಯ ಮಗುವಿಗೂ ಹಂಚುವವರು ಸಾರ್ವಜನಿಕ ಶಾಲೆಗೆ ಶತ್ರುಗಳಲ್ಲ. ವಾರಕ್ಕೊಂದು ದಿನ ತಮ್ಮ ಅಕ್ಕ-ತಮ್ಮಂದಿರನ್ನು ಕರೆದುಕೊಂಡು ಹತ್ತಿರದ ಅಂಗನವಾಡಿಗೆ ಹೋಗಿ ಕಥೆ ಹೇಳಿ ಬರುವ ತಾಯಂದಿರ ಮೇಲೆ ಶಾಲೆಯನ್ನು ತೊರೆದವರೆಂಬ ಅಪವಾದವು ನಿಲ್ಲಲಾರದು.

ಅಂಗನವಾಡಿಯ ಮಾತು ಬಂದುದರಿಂದ ಇನ್ನೊಂದು ಮನೆಯನ್ನೂ ನೋಡಬೇಕಾಗಿದೆ. ಥಣಿಸಂದ್ರ, ಜಕ್ಕೂರುಗಳ ಕಡೆಯಲ್ಲಿ ಎದ್ದು ನಿಲ್ಲುತ್ತಿರುವ ಮಹಡಿಗಳ ಪಕ್ಕದಲ್ಲಿ ತಗಡಿನ ಗುಡಿಸಲುಗಳಿವೆ. ಅಲ್ಲಿಯೂ ಶಾಲೆಗೆ ಹೋಗದ ಏಳೆಂಟು ವರ್ಷದ ಅಕ್ಕನನ್ನು ಕಾಣಬಹುದು. ಅವಳ ಸೊಂಟದ ಮೇಲೆ ಒಂದೂವರೆ ವರ್ಷದ ತಮ್ಮನಿರುತ್ತಾನೆ. ತಾಯಿತಂದೆಗಳು ಕೆಲಸಕ್ಕೆ ಹೋಗಿರುತ್ತಾರೆ. ಇವಳೂ ಇಡೀ ದಿನ ತಮ್ಮನೊಡನೆ ಮನೆಯಲ್ಲಿಯೇ ಇರುವವಳು. ಆದರೆ ಇವಳಿಗೆ ಚಾಪೆಯಿಲ್ಲ, ಪುಸ್ತಕವಿಲ್ಲ, ಹೇಳಿಕೊಡುವವರಿಲ್ಲ. ಬೆಲ್ ಪಾದ್ರಿಯ ಸಂಬಳವಿಲ್ಲದ ಹುಡುಗನಾದರೂ ಅಕ್ಷರವನ್ನು ಬಲ್ಲವನಾಗಿದ್ದನು.

ಈ ಹುಡುಗಿಯು ಶಾಲೆಗೆ ಹೋಗದಿರುವುದಕ್ಕೆ ಬಡತನವೊಂದೇ ಕಾರಣವಲ್ಲ. ಶಾಲೆ ಉಚಿತ, ಊಟ ಉಚಿತ, ಪುಸ್ತಕ ಉಚಿತ. ತಮ್ಮನನ್ನು ಇಳಿಸಲು ಸ್ಥಳವಿಲ್ಲ. ೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಮೂರರಿಂದ ಆರು ವರ್ಷದವರನ್ನು ಕೂರಿಸಿಕೊಳ್ಳುತ್ತವೆ. ಮೂರರೊಳಗಿನವರಿಗೆ ಮನೆಗೆ ಒಯ್ಯುವ ಆಹಾರದ ಪೊಟ್ಟಣ ಕೊಡುತ್ತವೆ. ಪೊಟ್ಟಣವು ಕೂಸನ್ನು ನೋಡಿಕೊಳ್ಳಲಾರದು. ಕಟ್ಟಡ ಕೆಲಸಗಾರರ ೧೯೯೬ರ ಕಾಯಿದೆಯಲ್ಲಿ, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಪಾಲನೆಯ ಕೋಣೆಯಿರಬೇಕೆಂಬ ನಿಯಮವಿತ್ತು. ಮೇಸ್ತ್ರಿಗಳು ಹಾಜರಿ ಪುಸ್ತಕದಲ್ಲಿ ಐವತ್ತನ್ನು ಮುಟ್ಟದಂತೆ ಬರೆಯುವುದು ಕಷ್ಟದ ವಿದ್ಯೆಯಲ್ಲ. ನಮ್ಮ ಸರಕಾರವು ೨೦೨೩ರಲ್ಲಿ ಘೋಷಿಸಿದ 'ಕೂಸಿನ ಮನೆ' ಯೋಜನೆಯು ಉದ್ಯೋಗ ಖಾತರಿಯ ಕೂಲಿಯ ಹೆಂಗಸರ ಮೂರರೊಳಗಿನ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ನೋಡಿಕೊಳ್ಳುವ ಸ್ಥಳಗಳನ್ನು ತೆರೆಯಿತು. ನಾವು ಮನಃಪೂರ್ವಕವಾಗಿ ಮೆಚ್ಚತಕ್ಕ ಕೆಲಸವದು. ಆದರೆ ಅದು ಪಂಚಾಯತಿಯದು. ನಗರದ ಎಲ್ಲೆಯೊಳಗೆ ಗಾರೆ ಹೊರುವ ತಾಯಿಗೆ ಅದು ಸಂಬಂಧಿಸಿದುದಲ್ಲ.

ಶಾಲೆಯ ಹೊರಗಿರುವ ಮಕ್ಕಳ ಗಣತಿಗೆಂದು ಇಲಾಖೆಯವರು ಮನೆಮನೆಗೆ ಹೋಗುವಾಗ ಯಲಹಂಕ ಉಪನಗರದ ಅಕ್ಕನೂ ಥಣಿಸಂದ್ರದ ಅಕ್ಕನೂ ಒಂದೇ ಪಟ್ಟಿಯ ಒಂದೇ ಅಂಕಣಕ್ಕೆ ಬೀಳುವ ಸಂಭವವಿದೆ. ಮೊದಲನೆಯವಳ ಮನೆಯಲ್ಲಿ ಕಾಯಿದೆಯನ್ನು ಓದಿದವರಿದ್ದಾರೆ. ಅವಳ ವಿಷಯದಲ್ಲಿ ಅಧಿಕಾರಿಗಳು ಅವಸರಪಡಬೇಕಾದುದಿಲ್ಲ. ಎರಡನೆಯವಳ ಹೆಸರನ್ನು ಬರೆದುಕೊಳ್ಳುವಾಗ ಮಾತ್ರ, ಮನೆಯಲ್ಲಿ ಮೂರು ವರ್ಷದೊಳಗಿನ ಕೂಸು ಉಂಟೇ ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳಿ ಅದಕ್ಕೊಂದು ಅಂಕಣವನ್ನು ಸೇರಿಸಬೇಕೆಂದು ಕೋರುತ್ತೇವೆ. ಆ ಅಂಕಣದ ಮೊತ್ತವು ಕೈಗೆ ಬಂದ ಮೇಲೆ, ಕೂಸಿನ ಮನೆಗಳನ್ನು ನಗರದೊಳಗೆ ಎಲ್ಲೆಲ್ಲಿ ತೆರೆಯಬೇಕೆಂಬುದನ್ನು ಶಿಕ್ಷಣ ಇಲಾಖೆಯೂ ಮಹಿಳಾ ಮತ್ತು ಮಕ್ಕಳ ಇಲಾಖೆಯೂ ಒಂದೇ ಮೇಜಿನ ಮುಂದೆ ಕುಳಿತು ಗೊತ್ತುಮಾಡಬಹುದು.